ಆರಡಿ ಜಾಗದ ದಾಸವಾಳ

ವಿದ್ಯಾರಣ್ಯಪುರಂ ಎಂದರೆ ಮೈಸೂರಿನ ಆಟೋದವರು ಇವತ್ತಿಗೂ "ಸೂಯೇಜ್ ಫಾರಂ ಹತ್ರಾನಾ ಸಾರ್?" ಎಂದೇ ಕೇಳುತ್ತಾರೆ. ಶೃಂಗೇರಿಯ ಯತಿಯ ಹೆಸರಿಟ್ಟುಕೊಂಡ ಬಡಾವಣೆಗೆ ಊರಿನ ಕೊಳಚೆ ಹೋಗಿ ಸೇರುವ ಜಾಗವೇ ಗುರುತು. ಗಾಳಿ ಆ ಕಡೆಯಿಂದ ಬೀಸಿದ ಸಂಜೆ ಕಿಟಕಿ ಮುಚ್ಚಿ ಕೂರುತ್ತೇವೆ. ಮಿಕ್ಕ ಸಂಜೆ ವಾಕಿಂಗು. ನಡೆಯುವುದು ರಸ್ತೆಯ ಮೇಲೆ. ಫುಟ್‌ಪಾತು ಖಾಲಿ ಇರುವುದಿಲ್ಲ.

ನಮ್ಮ ಬೀದಿಯ ನಿವೃತ್ತ ಇಂಜಿನಿಯರೊಬ್ಬರಿಗೆ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕಗಳೇ ಧರ್ಮಶಾಸ್ತ್ರ. ನಗರದ ಮಹಾರಸ್ತೆಗೆ 50ರಿಂದ 60 ಮೀಟರ್, ಬಡಾವಣೆಯ ಒಳರಸ್ತೆಗೆ 10ರಿಂದ 20. "ಅಗಲ ಅಂದ್ರೆ ಬರೀ ಡಾಂಬರಲ್ಲ ಸ್ವಾಮಿ, ಈ ಕಾಂಪೌಂಡಿಂದ ಆ ಕಾಂಪೌಂಡಿಗೆ. ನಡುವಿನದ್ದೆಲ್ಲ ಸಾರ್ವಜನಿಕರದು." ಅದರಲ್ಲಿ ನಡೆಯುವವರಿಗೆ ಕನಿಷ್ಠ 1.8 ಮೀಟರ್, ಅಂದರೆ ಹತ್ತಿರಹತ್ತಿರ ಆರಡಿ; ಎರಡು ಗಾಲಿಕುರ್ಚಿ ಎದುರುಬದುರಾದರೂ ಸಲೀಸಾಗಿ ದಾಟಬೇಕು. ತಲೆಯ ಮೇಲೆ 2.2 ಮೀಟರ್‌ವರೆಗೆ ಏನೂ ಅಡ್ಡ ಬರಕೂಡದು. ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಕೂಡದು. ಮಂಡಿನೋವಿನವರನ್ನು ನೆನೆದು ಬರೆದ ಶಾಸ್ತ್ರ ಇದೊಂದೇ ಇರಬೇಕು. ಇಷ್ಟನ್ನೂ ಹೇಳುವಾಗ ಅವರ ಕೈ ಯಾರದೋ ಮನೆಯ ಮುಂದಿನ ದಾಸವಾಳವನ್ನು ಪ್ಲಾಸ್ಟಿಕ್ ಕವರಿಗೆ ಇಳಿಸುತ್ತಿರುತ್ತದೆ. ಬೆಳಗಿನ ಪೂಜೆಗೆ.

ಆ ದಾಸವಾಳ ನಿಂತಿರುವುದು ಅದೇ ಆರಡಿಯಲ್ಲಿ! ಪಕ್ಕದ ಮನೆಯವರು ಕರಿಬೇವಿನ ಗಿಡಕ್ಕೆ ಕಬ್ಬಿಣದ ಬೇಲಿ ಹಾಕಿಸಿದ್ದಾರೆ, ಅದರಾಚೆಯವರು ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು ಮಾಡಿಸಿದ್ದಾರೆ. ಇನ್ನೊಂದು ಕಾರು ಟಾರ್ಪಾಲು ಹೊದ್ದು ವರ್ಷಗಳಿಂದ ಮಲಗಿದೆ. "ಅಜ್ಜಿ, ಫುಟ್‌ಪಾತ್ ಮೇಲೆ ಹೋಗಬಾರ್ದಾ?" ಎಂದರೆ, "ಅಲ್ಲಿ ಅದು ಮಲ್ಗಿದ್ಯಲ್ಲಪ್ಪ, ಯಾಕೆ ಎಬ್ಬಿಸ್ಲಿ?" ಎನ್ನುತ್ತಾರೆ ಎದುರುಮನೆಯ ಅಜ್ಜಿ.

ಬೀದಿಯನ್ನು ನಾವು ಆಕ್ರಮಿಸಿಕೊಳ್ಳುತ್ತಿದ್ದದ್ದು ಹಿಂದೆಯೂ ಉಂಟು. ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೊರಟ ಹುಡುಗಿಯರು ರೇಷ್ಮೆ ಲಂಗ ಎತ್ತಿ ಹಿಡಿದು ನಡುರಸ್ತೆಯಲ್ಲೇ ಬರುತ್ತಿದ್ದರು. ಗಣೇಶನಿಗೆ ಅಡ್ಡಲಾಗಿ ಪೆಂಡಾಲು, ಕ್ರಿಕೆಟ್ಟಿಗೆ ಇಟ್ಟಿಗೆಯ ವಿಕೆಟ್ಟು, ಧನುರ್ಮಾಸದಲ್ಲಿ ಡಾಂಬರಿನವರೆಗೂ ಹಬ್ಬುವ ರಂಗೋಲಿ. ರಂಗೋಲಿಗೆ ಎಷ್ಟು ಮೀಟರ್ ಎಂದು ಯಾವ ಪುಸ್ತಕವೂ ಹೇಳಿಲ್ಲ. ಆದರೆ ಅವೆಲ್ಲ ಸಂಜೆಗೋ ಹಬ್ಬಕ್ಕೋ ಬಂದು ಎದ್ದುಹೋಗುತ್ತಿದ್ದವು. ಕಾರು ಎದ್ದುಹೋಗುವುದಿಲ್ಲ. ನನಗಿರುವ ತಕರಾರು ಅದೊಂದೇ.

ಬೀದಿಯ ಅಗಲದ ಬೆಲೆ ಮೈಸೂರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ಪ್ಲೇಗಿನ ಏಟು ತಿಂದು, ಇಕ್ಕಟ್ಟು ಬಿಡಿಸಿ ಗಾಳಿಬೆಳಕು ತರಲೆಂದು 1903ರಲ್ಲೇ ಟ್ರಸ್ಟ್ ಬೋರ್ಡ್ ಕಟ್ಟಿಕೊಂಡ ಊರು. ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಸಯ್ಯಾಜಿರಾವ್ ರಸ್ತೆಯಲ್ಲಿ ಬಂದರೆ ಲಕ್ಷ ಜನ ಸರಿದು ದಾರಿ ಬಿಡುತ್ತೇವೆ. ಅಜ್ಜಿಗೆ ಬಿಡಲು ಮಾತ್ರ ನಮ್ಮಿಂದಾಗದು.

ನೆರೆಹೊರೆಯವರಲ್ಲಿ ಇಷ್ಟೇ ಅರಿಕೆ: ಇರುವ ಗಿಡವನ್ನು ಕಡಿಯಬೇಡಿ, ಇನ್ನು ನೆಡುವುದನ್ನು ಕಾಂಪೌಂಡಿನ ಒಳಗೆ ನೆಡಿ. ಕಾರನ್ನೂ ಒಳಗೇ ತೆಗೆದುಕೊಳ್ಳಿ. ಹೂವಿನ ಚಿಂತೆ ಬೇಡ. ಗೋಡೆಯಾಚೆಯಿಂದ ಕೈಚಾಚಿ ಕಿತ್ತುಕೊಳ್ಳುವುದು ನಮಗೆ ಬರುತ್ತದೆ.