ಸೊನ್ನೆಯೂ ಖಾಲಿ ಅಂಕಣವೂ

ವ್ಯಾಪಾರಿಯ ದಿನವಹಿಯಲ್ಲಿ ಒಂದು ದಿನದ ಮಾರಾಟವನ್ನು ಸೊನ್ನೆಯೆಂದು ಬರೆಯುವುದಕ್ಕೂ ಆ ದಿನದ ಪುಟವನ್ನೇ ಬರೆಯದೆ ಬಿಡುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಲೆಕ್ಕ, ಎರಡನೆಯದು ಲೆಕ್ಕದ ಅಭಾವ. ಸಾಂಕ್ರಾಮಿಕ ರೋಗಗಳ ವರದಿಯಲ್ಲಿ ಈ ಭೇದವನ್ನು ಮರೆತರೆ ಆಗುವ ಹಾನಿ ಹಣದ್ದಲ್ಲ, ಪ್ರಾಣದ್ದು.

ನಮ್ಮ ದೇಶದಲ್ಲಿ 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಅದರಲ್ಲಿ ಮೂರು ನಮೂನೆಗಳಿವೆ: ಊರಿನ ಆರೋಗ್ಯ ಕಾರ್ಯಕರ್ತೆಯು ಲಕ್ಷಣಗಳನ್ನು ಕಂಡು ತುಂಬುವ 'ಎಸ್', ವೈದ್ಯರು ಪರೀಕ್ಷಿಸಿ ತುಂಬುವ 'ಪಿ', ಪ್ರಯೋಗಾಲಯವು ದೃಢಪಡಿಸಿ ತುಂಬುವ 'ಎಲ್'. ಮೊದಲು ವಾರಕ್ಕೊಮ್ಮೆ ಒಟ್ಟು ಸಂಖ್ಯೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು. 2018ರಲ್ಲಿ ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ, 2021ರಲ್ಲಿ ದೇಶದಾದ್ಯಂತ, ಪ್ರತಿಯೊಬ್ಬ ರೋಗಿಯ ವಿವರವನ್ನು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ದಾಖಲಿಸುವ ಪದ್ಧತಿ ಬಂದಿತು. ಸಾಧನವು ಉತ್ತಮಗೊಂಡಿತು, ನಿಜ. ಆದರೆ ಯಂತ್ರವು ಬರೆದುದನ್ನು ಕೂಡಬಲ್ಲುದೇ ಹೊರತು ಬರೆಯದುದನ್ನು ಊಹಿಸಲಾರದು.

ಉಡುಪಿ ಜಿಲ್ಲೆಯನ್ನೇ ನೋಡೋಣ. ಕಾರ್ಕಳದ ಕಡೆಯ ಕೃಷಿಕನೊಬ್ಬನಿಗೆ ಗದ್ದೆಯ ನೀರಿನಿಂದ ಇಲಿಜ್ವರ ತಗುಲಿತೆಂದು ಭಾವಿಸಿರಿ. ಅವನು ಮೊದಲು ಊರಿನ ಖಾಸಗಿ ವೈದ್ಯರ ಬಳಿಗೆ, ಬಳಿಕ ಮಣಿಪಾಲದ ಆಸ್ಪತ್ರೆಗೆ ಹೋಗುತ್ತಾನೆ. ಇಬ್ಬರೂ ಬೇರೆ ಬೇರೆಯಾಗಿ ಬರೆದರೆ ಒಬ್ಬ ರೋಗಿ ಇಬ್ಬರಾಗುತ್ತಾನೆ; ಮತ್ತೊಬ್ಬರು ಬರೆದಾರೆಂದು ಇಬ್ಬರೂ ಸುಮ್ಮನಿದ್ದರೆ ಅವನು ಲೆಕ್ಕದಲ್ಲಿಯೇ ಇಲ್ಲ. ವಿಳಾಸವು ಮಣಿಪಾಲವೆಂದಾದರೆ ಅವನೊಡನೆ ಗದ್ದೆಗಿಳಿದವರಿಗೆ ಎಚ್ಚರಿಕೆ ತಲುಪದು. ಕಾಪುವಿನ ಡೆಂಗಿ ರೋಗಿಯ ವಿಷಯದಲ್ಲಿ ದಿನಾಂಕವೇ ಮುಖ್ಯ. ನಿಂತ ನೀರಿನ ಮರಿಗಳು ಸುಮಾರು ಒಂದು ವಾರದಲ್ಲಿ ಸೊಳ್ಳೆಗಳಾಗಿ ಹಾರುತ್ತವೆ. ತಡವಾಗಿ ಬಂದ ನಿಖರ ವರದಿಯೂ ಆಗ ನಿಷ್ಪ್ರಯೋಜಕ.

ಇಲ್ಲಿ ಒಂದು ನೈತಿಕ ತೊಡಕಿದೆ. ಪ್ರಾಮಾಣಿಕವಾಗಿ ಬರೆಯುವ ತಾಲೂಕು ರೋಗಪೀಡಿತವೆಂದೂ ಬರೆಯದ ತಾಲೂಕು ನಿರೋಗಿಯೆಂದೂ ತೋರುತ್ತದೆ. ಹೆಚ್ಚಿನ ಸಂಖ್ಯೆಗೆ ಆಕ್ಷೇಪಣೆಯೂ ಖಾಲಿ ಅಂಕಣಕ್ಕೆ ಮೌನವೂ ದೊರೆಯುವಲ್ಲಿ, ಮೌನವೇ ಬೆಳೆಯುವುದು ಸಹಜ. ಕ್ಷಯರೋಗವನ್ನು ಖಾಸಗಿ ವೈದ್ಯರೂ ಸರಕಾರಕ್ಕೆ ತಿಳಿಸತಕ್ಕದ್ದೆಂದು 2012ರಲ್ಲಿಯೇ ಆದೇಶವಾಗಿದೆ. ಆದೇಶವು ಬರೆಯುವಂತೆ ಮಾಡಬಹುದು. ಸತ್ಯವಾಗಿ ಬರೆಯುವುದು ಬರೆಯುವವನ ಮನಸ್ಸಿಗೆ ಸೇರಿದ್ದು.

ನಮ್ಮ ಪಾಲಿಗೂ ಕರ್ತವ್ಯವಿದೆ. ಆಸ್ಪತ್ರೆಯಲ್ಲಿ ವಾಸದ ಊರನ್ನೂ ಜ್ವರ ಆರಂಭವಾದ ದಿನವನ್ನೂ ಸರಿಯಾಗಿ ಹೇಳಬೇಕು. ನೆರೆಯವರು ಏನೆಂದಾರೋ ಎಂಬ ಅಂಜಿಕೆಯಿಂದ ರೋಗದ ಹೆಸರನ್ನು ಮರೆಮಾಚಬಾರದು. ಚಿಕಿತ್ಸಾಲಯ ನಡೆಸುವ ಟ್ರಸ್ಟುಗಳು ರೋಗಿಗಳಿಲ್ಲದ ವಾರದಲ್ಲಿಯೂ ಸೊನ್ನೆಯೆಂದು ಬರೆದು ಕಳುಹಿಸಲಿ. ಆ ಸೊನ್ನೆಗೆ ಬೆಲೆಯಿದೆ: ಯಾರೋ ನೋಡಿದ್ದಾರೆ, ನೋಡಿ ಹೇಳಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.