ಅಂತರಗಂಗೆಯ ಚಕ್ರಬಡ್ಡಿ

ಘಾಟ್ಕೋಪರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಊರಿನ ಕೆರೆಯ ಹಂಬಲವಾದಾಗ ಪೊವಾಯಿ ಕೆರೆಯೇ ಗತಿ. ಅಲ್ಲಿ ಎಷ್ಟೋ ಸಲ ನೀರಿಗಿಂತ ಮೊದಲು ಅಂತರಗಂಗೆಯೇ ಕಣ್ಣಿಗೆ ಬೀಳುತ್ತದೆ. ದಪ್ಪ ಹಸುರೆಲೆ, ತಿಳಿನೇರಳೆ ಹೂ, ನೋಡಲೇನೋ ಚೆಂದ. "ಹೋದ ತಿಂಗಳು ಇಷ್ಟಿರಲಿಲ್ಲವಲ್ಲ!" ಎಂದು ಮಕ್ಕಳು ಬೆರಗಾದರೆ ಅವರಿಗೆ ಚಕ್ರಬಡ್ಡಿಯ ಲೆಕ್ಕವನ್ನೇ ಹೇಳಬೇಕಾಗುತ್ತದೆ.

ಬಿಸಿಲು, ಕೊಳಚೆಯ ಗೊಬ್ಬರ ಎರಡೂ ಒದಗಿದರೆ ಈ ಕಳೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. 1891ರಲ್ಲಿ ಕಟ್ಟಿದಾಗ ಪೊವಾಯಿ ಕೆರೆಯ ಹರವು ಸುಮಾರು 21 ಲಕ್ಷ ಚದರ ಮೀಟರು. ಒಂದು ಚದರ ಮೀಟರು ಕಳೆ 21 ಸಲ ಇಮ್ಮಡಿಸಿದರೆ, ಎಂದರೆ 42 ವಾರಗಳಲ್ಲಿ, ಅಷ್ಟೂ ಹರವು ಮುಚ್ಚಿತು! ಇಕ್ಕಟ್ಟಾದಂತೆ ಬೆಳವಣಿಗೆ ಕುಗ್ಗುವುದು ದಿಟ. ಆದರೂ ಲೆಕ್ಕದ ತಿರುಳು ಇದೇ. 32 ವಾರ ಕಳೆದಾಗಲೂ ಮುಚ್ಚಿರುವುದು ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ. ಆಗ ಯಾರಿಗೂ ಚಿಂತೆಯಿಲ್ಲ. ಉಳಿದದ್ದೆಲ್ಲ ಕೊನೆಯ ಹತ್ತು ವಾರದ ಆಟ. ಯಂತ್ರವಿಳಿಸಿ ಅರ್ಧ ಕಳೆ ಎತ್ತಿ ಹಾಕಿದರೂ ನಮಗೆ ಉಳಿಯುವುದು ಎರಡೇ ವಾರ!

ಇಂಥದೇ ಲೆಕ್ಕವನ್ನು ಕಡಲಿಗೂ ಹಾಕುವವರಿದ್ದಾರೆ. ಅಟ್ಲಾಂಟಿಕ್ ಸಾಗರದಲ್ಲಿ ಸರ್ಗಾಸಮ್ ಎಂಬ ಕಂದು ಕಡಲಪಾಚಿ ಬೇರೂರದೆ, ತೇಲುತ್ತಲೇ ಬೆಳೆಯುತ್ತದೆ. 2011ರಿಂದೀಚೆಗೆ ಅದು ರಾಶಿರಾಶಿಯಾಗಿ ಕೆರೀಬಿಯನ್ ದ್ವೀಪಗಳ ದಡಕ್ಕೆ ಬಂದು ಬೀಳುತ್ತಿದೆ. 2018ರಲ್ಲಿ ಆಫ್ರಿಕದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರು ಉದ್ದದ ಪಟ್ಟಿ. ತೂಕ ಎರಡು ಕೋಟಿ ಟನ್ನಿಗೂ ಮಿಗಿಲು. ದಡದಲ್ಲಿ ಕೊಳೆತರೆ ಕೊಳೆತ ಮೊಟ್ಟೆಯ ನಾತ. ಬೆಸ್ತರ ದೋಣಿ, ಬಲೆಗಳಿಗೆ ತೊಡಕು. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದವರು ಉಪಗ್ರಹದ ಚಿತ್ರಗಳಿಂದ ಪಾಚಿಯನ್ನು ಅಳೆದು, ಮುಂದಿನ ಅಂದಾಜನ್ನು ಪ್ರಕಟಿಸುತ್ತ ಬಂದಿದ್ದಾರೆ. ಈಗ ಎಷ್ಟಿದೆ, ನೀರಿನ ಬಿಸಿಗೂ ಸಾರಕ್ಕೂ ಎಷ್ಟು ಬೆಳೆದೀತು, ಗಾಳಿ ಮತ್ತು ಪ್ರವಾಹ ಎತ್ತ ಒಯ್ದಾವು: ಇವು ಮೂರೇ ಪ್ರಶ್ನೆ. ಈ ವರ್ಷ ಹೆಚ್ಚೋ ಕಡಮೆಯೋ ಎಂದು ತಕ್ಕಮಟ್ಟಿಗೆ ಹೇಳಬಹುದು. ಯಾವ ದಿನ ಯಾವ ದಡ ಎಂಬುದು ಮಾತ್ರ ಕಷ್ಟ. ಆದರೂ ನಾಲ್ಕು ದಿನ ಮೊದಲೇ ಸುದ್ದಿ ತಿಳಿದರೆ ಬಲೆಯೊಂದು ಉಳಿದೀತು. ಕರಾವಳಿಯಿಂದ ಬಂದ ನಮ್ಮವರಿಗೆ ಬಲೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೊವಾಯಿಗೆ ಉಪಗ್ರಹವೇಕೆ? ದಂಡೆಯ ಮೇಲೆ ನಿಂತ ಎರಡು ಕಣ್ಣು ಸಾಕು. ಕಳೆ ಚಾಪೆಯಷ್ಟಿರುವಾಗಲೇ ಕೀಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ಕೆರೆಗೆ ಸೇರುವ ಕೊಳಚೆಯನ್ನು ತಡೆಯಬೇಕು. ಅಸಲಿಗೆ ಕೈಹಾಕದೆ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದವರ ಸಾಲ ತೀರಿದ್ದನ್ನು ನಾವಂತೂ ಕಂಡಿಲ್ಲ.