ಮಾರಿಕುಪ್ಪಂನಲ್ಲಿ ಉಸಿರಿನ ಲೆಕ್ಕ

ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದರೆ ಅಲ್ಲಿಂದ ಒಂದು ಕವಲು ಹಳಿ ಕೆ.ಜಿ.ಎಫ್. ಕಡೆಗೆ ಹೊರಳುತ್ತದೆ. 1894ರಲ್ಲಿ ಚಿನ್ನದ ಗಣಿಗಳಿಗಾಗಿ ಹಾಕಿದ ಹಳಿ ಇದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿದ ಮೇಲೆ ಬರುವುದು ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗಿಯಿತು. ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ತುಂಬಿಕೊಂಡು ಇಲ್ಲಿಂದ ರೈಲು ಹೊರಡುತ್ತದೆ, ರಾತ್ರಿ ಅವರನ್ನೇ ವಾಪಸು ತಂದಿಳಿಸುತ್ತದೆ.

ಏಳನೇ ತರಗತಿ ಓದುವ ಮೊಮ್ಮಗಳ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ಊರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೂದುಬಣ್ಣದ ದೊಡ್ಡ ದೊಡ್ಡ ದಿಬ್ಬಗಳು. ಇವು ಹುಟ್ಟು ಗುಡ್ಡಗಳಲ್ಲ. ಆಳದಿಂದ ತೆಗೆದ ಬಂಡೆಯನ್ನು ಹಿಟ್ಟಿನಂತೆ ಪುಡಿಮಾಡಿ, ಸಯನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಸುಮಾರು 120 ವರ್ಷ ಗಣಿ ನಡೆದು, 800 ಟನ್ನಿನಷ್ಟು ಚಿನ್ನ ಸಿಕ್ಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ದಿಬ್ಬ ಉಳಿಯಿತು.

ದಿಬ್ಬದ ಪಕ್ಕದ ಏರು ರಸ್ತೆಯಲ್ಲಿ ಮೊಮ್ಮಗಳು ಓಡಿದಳು. ಮೇಲೆ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತು ಏದುಸಿರು ಬಿಡುತ್ತಿದ್ದಳು. ಗಡಿಯಾರ ಹಿಡಿದು ಎಣಿಸಿದೆವು. ರೈಲಿನಲ್ಲಿ ಕೂತಿದ್ದಾಗ ನಿಮಿಷಕ್ಕೆ 20 ಇದ್ದ ಉಸಿರು ಈಗ 38.

“ಬೇಗ ಬೇಗ ಉಸಿರಾಡು ಅಂತ ನಾನೇನೂ ಹೇಳಲಿಲ್ಲವಲ್ಲ ತಾತ, ಹೇಳಿದ್ದು ಯಾರು?” ಎಂದಳು.

ಒಳ್ಳೆಯ ಪ್ರಶ್ನೆ. ತಲೆಯ ಹಿಂಭಾಗದಲ್ಲಿ, ಕತ್ತು ಸೇರುವ ಕಡೆ, ಮಿದುಳಿನ ಬುಡದಲ್ಲಿ ಒಬ್ಬ ಕಾವಲುಗಾರನಿದ್ದಾನೆ ಎಂದುಕೊಳ್ಳಿ. ಮೆಡುಲ್ಲಾ ಎಂದು ಅವನ ಹೆಸರು. ನಾವು ನಿದ್ದೆಯಲ್ಲಿದ್ದರೂ ಅವನಿಗೆ ನಿದ್ದೆಯಿಲ್ಲ. ಓಡಿದಾಗ ಕಾಲಿನ ಸ್ನಾಯುಗಳು ಹೆಚ್ಚು ಕೆಲಸ ಮಾಡುತ್ತವೆ, ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ. ಅದು ಒಂದಿಷ್ಟು ಹೆಚ್ಚಾದರೂ ರಕ್ತ ತುಸು ಹುಳಿಯಾಗುತ್ತದೆ. ಕಾವಲುಗಾರ ಅದನ್ನು ಕೂಡಲೇ ಗುರುತಿಸಿ, ಪಕ್ಕೆಲುಬಿನ ಸ್ನಾಯುಗಳಿಗೂ ವಪೆಗೂ “ಬೇಗ ಬೇಗ” ಎಂದು ಅಪ್ಪಣೆ ಕೊಡುತ್ತಾನೆ. ಕಾಲು ಓಡತೊಡಗಿದೆ ಎಂಬ ಸುದ್ದಿಯೂ ನರಗಳ ಮೂಲಕ ಅವನಿಗೆ ಮುಟ್ಟುತ್ತದೆ.

ಆಮ್ಲಜನಕ ಕಡಿಮೆಯಾದಾಗ ಉಸಿರು ಹೆಚ್ಚುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಅದನ್ನು ನೋಡಿಕೊಳ್ಳುವ ಕಾವಲು ಕತ್ತಿನ ಎರಡು ಪಕ್ಕದ ರಕ್ತನಾಳಗಳಲ್ಲಿದೆ, ನಿಜ. ಆದರೆ ಆಮ್ಲಜನಕ ಬಹಳ ಇಳಿದ ಮೇಲೆ ಮಾತ್ರ ಅದು ಜೋರಾಗಿ ಕೂಗುತ್ತದೆ. ದಿನನಿತ್ಯ ಉಸಿರನ್ನು ನಡೆಸುವುದು ಇಂಗಾಲದ ಡೈಆಕ್ಸೈಡಿನ ಲೆಕ್ಕವೇ. ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು ಇದನ್ನು 1905ರಲ್ಲಿ ತೋರಿಸಿಕೊಟ್ಟರು. ಗಣಿಗಳ ಕೆಟ್ಟ ಗಾಳಿಯನ್ನು ಅಭ್ಯಾಸ ಮಾಡಿದ ಹಾಲ್ಡೇನ್, ಮುಚ್ಚಿದ ಪೆಟ್ಟಿಗೆಯೊಳಗೆ ತಾವೇ ಕೂತು ಪರೀಕ್ಷೆ ಮಾಡಿಕೊಂಡವರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ದೊಡ್ಡ ವಿಜ್ಞಾನಿ, ಮುಂದೆ ನಮ್ಮ ದೇಶಕ್ಕೇ ಬಂದು ನೆಲೆಸಿದರು.

ಮಕ್ಕಳೇ, ಕೆರೆಯಲ್ಲೋ ಬಾವಿಯಲ್ಲೋ ಈಜುವಾಗ ಇದು ನೆನಪಿರಲಿ. ಮುಳುಗುವ ಮುಂಚೆ ಬೇಗ ಬೇಗ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕಾವಲುಗಾರ ಸುಮ್ಮನಾಗಿಬಿಡುತ್ತಾನೆ. “ಉಸಿರು ಬೇಕು” ಎನ್ನಿಸುವ ಮೊದಲೇ ಆಮ್ಲಜನಕ ಮುಗಿದು ನೀರಿನಲ್ಲೇ ಎಚ್ಚರ ತಪ್ಪುತ್ತದೆ. ಇಂಥ ಪಂದ್ಯ ಯಾವತ್ತೂ ಕಟ್ಟಬೇಡಿ.

“ಹಾಗಾದರೆ ಗಣಿಯ ಆಳದಲ್ಲಿ ಗಾಳಿಯೇ ಇರುತ್ತಿರಲಿಲ್ಲವಾ?” ಎಂದಳು ಮೊಮ್ಮಗಳು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಬೆಟ್ಟ ಹತ್ತಿದರೆ ಗಾಳಿ ತೆಳುವಾಗುತ್ತದೆ, ಆಳಕ್ಕೆ ಇಳಿದರೆ ದಟ್ಟವಾಗುತ್ತದೆ. ಕಷ್ಟ ಇದ್ದದ್ದು ಬೇರೆ ಕಡೆ. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ದೊಡ್ಡ ಫ್ಯಾನುಗಳಿಂದ ಗಾಳಿ ಹಾಯಿಸದಿದ್ದರೆ ಅಲ್ಲಿ ನಿಲ್ಲಲಾಗದು. ಮೈ ಕಾದಾಗ ಉಸಿರೂ ಹೆಚ್ಚುತ್ತದೆ. ಜ್ವರ ಬಂದಾಗ ನಮಗೆ ಆಗುವುದೂ ಅದೇ. ಹೆಚ್ಚು ಉಸಿರಾಡಿದಷ್ಟೂ ಹೆಚ್ಚು ಧೂಳು ಒಳಗೆ ಹೋಗುತ್ತದೆ.

ಧೂಳಿನ ಕಥೆಯನ್ನು ಟೀ ಅಂಗಡಿಯ ಬೆಂಚಿನ ಮೇಲೆ ಸಿಕ್ಕ ಹಿರಿಯರೊಬ್ಬರು ಹೇಳಿದರು. ಕೆಳಗಿಳಿದು ಬಂಡೆ ಕೊರೆಯುತ್ತಿದ್ದವರು. ತಮಿಳು ಬೆರೆತ ಕನ್ನಡ. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಮೊಮ್ಮಗಳ ಕೈಯಲ್ಲಿದ್ದ ಗಡಿಯಾರ ನೋಡಿ ನಕ್ಕರು.

“ನಂದೂ ಎಣಿಸ್ತೀಯಾ ಕಣ್ಣು? ಎಣಿಸ್ತೀನಿ ಅಂತ ಹೇಳಿದ್ರೆ ಉಸಿರು ಮಾರಿಹೋಗುತ್ತೆ. ನಾಡಿ ನೋಡೋ ಹಾಗೆ ಕೈ ಹಿಡ್ಕೋ, ಕಣ್ಣು ಎದೆ ಮೇಲಿಡು. ನರ್ಸಮ್ಮ ಹಂಗೇ ಮಾಡೋದು.”

ಅವಳು ಕೈ ಹಿಡಿದಳು. ಅವರು ನನ್ನ ಜೊತೆ ಮಾತು ನಿಲ್ಲಿಸಿ, ರಸ್ತೆ ನೋಡುತ್ತಾ ಸುಮ್ಮನೆ ಕೂತರು. ನಿಮಿಷ ಮುಗಿದಾಗ ಅವಳು ಸಂಖ್ಯೆಯನ್ನು ಗಟ್ಟಿಯಾಗಿ ಹೇಳಲಿಲ್ಲ, ನನ್ನ ಕಿವಿಯಲ್ಲಿ ಹೇಳಿದಳು: 28. ಸುಮ್ಮನೆ ಕೂತ ದೊಡ್ಡವರಿಗೆ 12ರಿಂದ 20 ಸಹಜ.

ಗಣಿಯ ಬಂಡೆ ಬಿಳಿಗಲ್ಲು. ಕೊರೆದಾಗ ಏಳುವ ಅದರ ಸಣ್ಣ ಧೂಳು ಶ್ವಾಸಕೋಶದ ತುದಿಯ ಪುಟ್ಟ ಗಾಳಿಚೀಲಗಳವರೆಗೆ ಹೋಗಿ ಕೂರುತ್ತದೆ. ಅದನ್ನು ನುಂಗಲು ಹೋದ ರಕ್ಷಕ ಕಣಗಳೇ ಸಾಯುತ್ತವೆ. ಅಲ್ಲಿ ಗಾಯದ ಕಲೆ ಬೆಳೆಯುತ್ತದೆ, ಬೆಲೂನಿನಂತೆ ಹಿಗ್ಗಬೇಕಾದ ಶ್ವಾಸಕೋಶ ಗಡುಸಾಗುತ್ತದೆ. ಒಂದೇ ಸಲ ಆಳವಾಗಿ ಎಳೆಯಲು ಆಗದೆ, ಚಿಕ್ಕ ಚಿಕ್ಕ ಉಸಿರನ್ನೇ ಬೇಗ ಬೇಗ ಎಳೆಯಬೇಕಾಗುತ್ತದೆ. ಇದೇ ಸಿಲಿಕೋಸಿಸ್. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಗಳಿಂದ. ಬಂದ ಮೇಲೆ ಇದನ್ನು ವಾಸಿಮಾಡುವ ಮದ್ದಿಲ್ಲ, ಬಾರದಂತೆ ತಡೆಯುವುದೊಂದೇ ದಾರಿ. ನೀರು ಹಾಯಿಸುತ್ತ ಕೊರೆಯಬೇಕು, ಗಾಳಿ ಆಡಿಸಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಇರಬೇಕು. ಇಂದು ಕಲ್ಲು ಕ್ವಾರಿಯಲ್ಲಿ, ಗ್ರಾನೈಟ್ ಕತ್ತರಿಸುವಲ್ಲಿ ದುಡಿಯುವವರಿಗೂ ಈ ಮಾತು ಸಲ್ಲುತ್ತದೆ.

ಅಜ್ಜ-ಅಜ್ಜಿಯರೇ, ಆ ಹಿರಿಯರು ಕಲಿಸಿದ ಲೆಕ್ಕ ಮನೆಯಲ್ಲೂ ಬೇಕಾಗುತ್ತದೆ. ಎದೆ ಒಮ್ಮೆ ಏರಿ ಇಳಿದರೆ ಒಂದು, ಪೂರ್ತಿ ಒಂದು ನಿಮಿಷ ಎಣಿಸಿ. ಹಸುಗೂಸಿನ ಉಸಿರು ದೊಡ್ಡವರದಕ್ಕಿಂತ ಬೇಗ ಇರುವುದು ಸಹಜ, ಗಾಬರಿ ಬೇಡ. ಆದರೆ ಕೆಮ್ಮು ಬಂದ ಮಗು ಅಳದೆ ಸುಮ್ಮನಿದ್ದಾಗಲೂ ಎರಡು ತಿಂಗಳಿಂದ ಒಂದು ವರ್ಷದೊಳಗಿನದಾದರೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40 ಮುಟ್ಟಿದರೆ ನ್ಯುಮೋನಿಯಾ ಇರಬಹುದು. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೂ, ಎರಡು ತಿಂಗಳೊಳಗಿನ ಕೂಸು ಏದುಸಿರು ಬಿಟ್ಟರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದೊಡ್ಡವರಿಗೂ ಸುಮ್ಮನೆ ಕೂತಾಗಲೇ ಏದುಸಿರು ಬರುತ್ತಿದ್ದರೆ “ವಯಸ್ಸಾಯಿತು” ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು.

ಹೊರಡುವಾಗ ಆ ತಾತ ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: “ಕೆಳಗೆ ನಾವು ಎಲ್ಲಾ ಎಣಿಸ್ತಿದ್ವಿ ಕಣ್ಣು, ಉಸಿರು ಒಂದು ಬಿಟ್ಟು.”